ಮೂಲವೋ ನಕಲೋ: ಚಾಲೂ ಡೇಟಾಬೇಸಿನ ಬ್ಯಾಕಪ್ ಮತ್ತು ಅದರ ರದ್ದತಿ

ಡೇಟಾಬೇಸ್ ನಿಲ್ಲದೆ ಕೆಲಸ ಮಾಡುತ್ತಿರುವಾಗಲೇ ಅದರ ಪೂರ್ಣ ಪ್ರತಿ ತೆಗೆಯುವುದಕ್ಕೆ ಆನ್‌ಲೈನ್ ಬ್ಯಾಕಪ್ ಎಂದು ಹೆಸರು. ಈ ಕಸುಬಿನವರು ಅದನ್ನೇ ಹಾಟ್ ಬ್ಯಾಕಪ್ ಎನ್ನುತ್ತಾರೆ. ಸರ್ವರನ್ನು ಬಂದ್ ಮಾಡಿ ತೆಗೆದದ್ದು ಕೋಲ್ಡ್ ಬ್ಯಾಕಪ್. ಬಂದ್ ಆದ ಡೇಟಾಬೇಸಿನ ಫೈಲುಗಳನ್ನು ನಕಲು ಮಾಡುವುದರಲ್ಲಿ ತೊಡಕಿಲ್ಲ. ನಡುವೆ ಬಿಟ್ಟರೂ ಮತ್ತೆ ಮೊದಲಿನಿಂದ ಶುರು ಮಾಡಿದರಾಯಿತು. ಚಾಲೂ ಇರುವುದರ ನಕಲಿಗೆ ಹಾಗಾಗುವುದಿಲ್ಲ. ಅದು ಶುರುವಾಗುವಾಗ ಡೇಟಾಬೇಸ್ ಒಂದು ವಿಶೇಷ ಸ್ಥಿತಿಗೆ ಹೋಗಬೇಕಾಗಬಹುದು, ಮುಗಿದಾಗ ಆ ಸ್ಥಿತಿಯಿಂದ ಹೊರಬರಬೇಕು. ನಕಲನ್ನು ಅರ್ಧಕ್ಕೆ ರದ್ದು ಮಾಡಿದವರು ಸಾಮಾನ್ಯವಾಗಿ ಮರೆಯುವುದು ಈ ಹೊರಬರುವ ಹೆಜ್ಜೆಯನ್ನು. ತೊಂದರೆ ಆಗಲೇ ಕಾಣಿಸುವುದಿಲ್ಲ. ವಾರಗಳ ನಂತರ ಕರೆಂಟ್ ಹೋಗಿ ಬಂದಾಗ ಸರ್ವರ್ ಏಳದೆ ಕೂತುಬಿಡುತ್ತದೆ.

ಚಾಲೂ ಡೇಟಾಬೇಸನ್ನು ಸುಮ್ಮನೆ ನಕಲು ಮಾಡಿಕೊಂಡರೆ ಏನಾಗುತ್ತದೆ ಎಂಬುದು ಉತಾರದ, ಅಂದರೆ ಹೊಲದ ಪಹಣಿಯ, ಉದಾಹರಣೆಯಿಂದ ತಿಳಿಯುತ್ತದೆ. ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆಯ ರೈತರೊಬ್ಬರು ಹೊಲದ ಮೇಲೆ ಬೆಳೆಸಾಲ ಪಡೆದರೆನ್ನಿ. ಉತಾರದಲ್ಲಿ ಬ್ಯಾಂಕಿನ ಬೋಜಾ, ಅಂದರೆ ಸಾಲದ ಹೊರೆ, ಏರಬೇಕು. ನೋಡುವವರಿಗೆ ಇದು ಒಂದೇ ಸಾಲಿನ ಬದಲಾವಣೆ. ಡೇಟಾಬೇಸಿನ ಒಳಗೆ ಮಾತ್ರ ಹಕ್ಕುಗಳ ಪಟ್ಟಿ, ಮ್ಯುಟೇಶನ್ ಪಟ್ಟಿ, ಸರ್ವೆ ನಂಬರಿನಿಂದ ಹುಡುಕಲು ಇರುವ ಸೂಚಿ ಹೀಗೆ ಹಲವು ಕಡೆ ಒಟ್ಟಿಗೆ ಬದಲಾವಣೆ ಆಗುತ್ತದೆ. ಇವು ಬೇರೆ ಬೇರೆ ಫೈಲುಗಳಲ್ಲಿರುತ್ತವೆ. ನಕಲು ಎರಡು ತಾಸು ನಡೆಯುತ್ತದೆಂದುಕೊಂಡರೆ ಹಕ್ಕುಗಳ ಫೈಲು ಮೊದಲ ಹತ್ತು ನಿಮಿಷದಲ್ಲಿ, ಮ್ಯುಟೇಶನ್ ಫೈಲು ಕೊನೆಯ ಹತ್ತು ನಿಮಿಷದಲ್ಲಿ ಪ್ರತಿಯಾಗಬಹುದು. ಬೋಜಾ ಏರಿದ್ದು ಇವೆರಡರ ನಡುವೆ. ಆಗ ಪ್ರತಿಯಲ್ಲಿ ಮ್ಯುಟೇಶನ್ ಇದೆ, ಉತಾರದಲ್ಲಿ ಸಾಲದ ಸುದ್ದಿಯೇ ಇಲ್ಲ. ಇಂಥ ಪ್ರತಿಯಿಂದ ಸರ್ವರನ್ನು ಮರಳಿ ಕಟ್ಟಿದರೆ ಸಾಲದ ಹೊಲ ಸಾಲವಿಲ್ಲದ ಹೊಲವಾಗಿ ಮಾರಾಟವಾಗಲು ಅಡ್ಡಿಯೇ ಇರುವುದಿಲ್ಲ.

ಇದಕ್ಕಿಂತ ಸಣ್ಣ ಮಟ್ಟದಲ್ಲಿ ಇನ್ನೊಂದು ಕೇಡು ಇದೆ. ಡೇಟಾಬೇಸ್ ತನ್ನ ಫೈಲನ್ನು ಪುಟಗಳಾಗಿ ವಿಂಗಡಿಸಿಕೊಂಡು ಬರೆಯುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಒಂದು ಪುಟ 8 ಕಿಲೋಬೈಟ್. ಒರಾಕಲ್‌ನಲ್ಲೂ ಬಹಳ ಕಡೆ ಅಷ್ಟೇ ಇಟ್ಟುಕೊಳ್ಳುತ್ತಾರೆ. ಆಪರೇಟಿಂಗ್ ಸಿಸ್ಟಂ ಮಾತ್ರ 4 ಕಿಲೋಬೈಟ್‌ನ ತುಂಡುಗಳಲ್ಲಿ ಲೆಕ್ಕ ಹಿಡಿಯುವುದು ಸಾಮಾನ್ಯ. ಡೇಟಾಬೇಸ್ ಒಂದು ಪುಟವನ್ನು ಬರೆಯುತ್ತಿರುವ ಹೊತ್ತಿಗೇ ನಕಲು ಮಾಡುವ ಪ್ರೋಗ್ರಾಂ ಅದನ್ನು ಓದಿದರೆ ಪುಟದ ಮೇಲರ್ಧ ಹೊಸದು, ಕೆಳಗಿನರ್ಧ ಹಳೆಯದು ಸಿಗುತ್ತದೆ. ಇದು ಹರಿದ ಪುಟ. ಅದರೊಳಗಿನ ಲೆಕ್ಕ ತಾಳೆಯಾಗುವುದಿಲ್ಲ, ತೇಪೆ ಹಾಕಲೂ ಬರುವುದಿಲ್ಲ. ಬ್ಯಾಕಪ್ ಮೋಡ್ ಎಂಬ ವ್ಯವಸ್ಥೆ ಹುಟ್ಟಿದ್ದು ಮುಖ್ಯವಾಗಿ ಈ ಹರಿದ ಪುಟದ ಕಾಟಕ್ಕೆ.

ಹಾಗಾದರೆ ರಾತ್ರಿ ಸರ್ವರ್ ನಿಲ್ಲಿಸಿ ನಕಲು ಮಾಡಬಾರದೇಕೆ? ಒಂದು ಕಾಲಕ್ಕೆ ಅದು ಸಾಧ್ಯವಿತ್ತು. ಕರ್ನಾಟಕದ ಕಂದಾಯ ಇಲಾಖೆ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರಿನ ತಂತ್ರಾಂಶದೊಂದಿಗೆ ಭೂಮಿ ಯೋಜನೆಯನ್ನು ಜಾರಿಗೆ ತಂದಾಗ, ಈ ಶತಮಾನದ ಮೊದಲ ವರ್ಷಗಳಲ್ಲಿ, ರಾಜ್ಯದ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗ್ರಾಮ ಲೆಕ್ಕಿಗರ ಪುಸ್ತಕಗಳಿಂದ ಕಂಪ್ಯೂಟರಿಗೆ ಬಂದವು. 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರೆಯಾಗಿದ್ದ ಬಾಗಲಕೋಟೆ ಜಿಲ್ಲೆಗೆ ಆಗ ಆರು ತಾಲ್ಲೂಕು: ಬಾಗಲಕೋಟೆ, ಬಾದಾಮಿ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳ. ತಹಶೀಲ್ದಾರ ಕಚೇರಿಯಲ್ಲಿ ಒಂದು ಕೋಣೆ, ಅದರಲ್ಲಿ ಸರ್ವರು, ಹೊರಗೆ ಕಿಟಕಿ, ಕೈಯಲ್ಲಿ 15 ರೂಪಾಯಿ ಹಿಡಿದ ರೈತರ ಸಾಲು. ಸಂಜೆ ಕಿಟಕಿ ಮುಚ್ಚಿದರೆ ಆ ಡೇಟಾಬೇಸಿನ ದಿನವೂ ಮುಗಿಯುತ್ತಿತ್ತು. ಮರುದಿನ ಬೆಳಗಿನ ತನಕ ಯಾರೂ ಅದನ್ನು ಮುಟ್ಟುವವರಿಲ್ಲ. ಇಂಥ ಕಚೇರಿಗೆ ಕೋಲ್ಡ್ ಬ್ಯಾಕಪ್ ಸಾಕು.

ಈಗ ಉತಾರವನ್ನು ಇಂಟರ್‌ನೆಟ್ಟಿನಲ್ಲಿ ಯಾವ ಹೊತ್ತಿಗಾದರೂ ನೋಡಬಹುದು. ನೋಂದಣಿ ಕಚೇರಿ, ಬ್ಯಾಂಕು, ಬೆಳೆವಿಮೆ, ಬೆಳೆಹಾನಿ ಪರಿಹಾರ ಎಲ್ಲವೂ ಭೂದಾಖಲೆಯನ್ನು ಕೇಳುತ್ತವೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ ನವನಗರ ಎದ್ದ ಜಿಲ್ಲೆ ಇದು. ಕೃಷ್ಣಾ ಮೇಲ್ದಂಡೆ ಯೋಜನೆಯ ಭೂಸ್ವಾಧೀನ ಮತ್ತು ಪುನರ್ವಸತಿಯ ಕಡತಗಳು ಇಲ್ಲಿನ ಸಾವಿರಾರು ಮನೆಗಳ ಬದುಕಿಗೆ ಅಂಟಿಕೊಂಡಿವೆ. ಮುಳುಗಿದ ಹೊಲ ಕಣ್ಣಿಗೆ ಕಾಣುವುದಿಲ್ಲ, ಅದು ಇತ್ತೆಂದು ಹೇಳುವುದು ದಾಖಲೆ ಮಾತ್ರ. ಆಮೇಲೆ ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿ ಹೊಸ ತಾಲ್ಲೂಕುಗಳಾದವು. ಹುನಗುಂದದಡಿ ಇದ್ದ ಊರುಗಳು ಇಳಕಲ್ಲಿಗೆ ಹೋಗುವುದೆಂದರೆ ದಾಖಲೆಯಲ್ಲೂ ಆ ಊರುಗಳು ಸ್ಥಳ ಬದಲಿಸಬೇಕು. ಅಷ್ಟು ದೊಡ್ಡ ಬದಲಾವಣೆಗೆ ಕೈ ಹಾಕುವ ಮುಂಚೆ ಬ್ಯಾಕಪ್ ಇಲ್ಲದಿದ್ದರೆ ಅದು ಅಕ್ಷಮ್ಯ. ಇಂಥ ಡೇಟಾಬೇಸಿಗೆ ಬಿಡುವಿನ ತಾಸು ಇಲ್ಲ. ಹಾಗಾಗಿ ಚಾಲೂ ಇದ್ದಂತೆಯೇ ನಕಲು ತೆಗೆಯಬೇಕು.

ಅದಕ್ಕೆ ಎರಡು ದಾರಿಗಳಿವೆ. ಒಂದು ತಾರ್ಕಿಕ ಬ್ಯಾಕಪ್. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್, ಮೈಎಸ್‌ಕ್ಯೂಎಲ್‌ನ ಮೈಎಸ್‌ಕ್ಯೂಎಲ್‌ಡಂಪ್ ಈ ಬಗೆಯವು. ಇವು ಫೈಲುಗಳನ್ನು ಮುಟ್ಟುವುದಿಲ್ಲ. ಬೇರೆ ಬಳಕೆದಾರರ ಹಾಗೆಯೇ ಡೇಟಾಬೇಸಿನ ಬಾಗಿಲಿಗೆ ಬಂದು ಒಂದೊಂದೇ ಪಟ್ಟಿಯನ್ನು ಓದಿ ಬರೆದುಕೊಳ್ಳುತ್ತವೆ. ಓದು ಶುರುವಾದ ಕ್ಷಣದಲ್ಲಿ ಡೇಟಾ ಹೇಗಿತ್ತೋ ಹಾಗೆಯೇ ಕೊನೆಯ ತನಕ ಕಾಣುವಂತೆ ಪೋಸ್ಟ್‌ಗ್ರೆಸ್ ನೋಡಿಕೊಳ್ಳುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೋಡಿಬಿ ಪಟ್ಟಿಗಳಿಗೆ ಇದೇ ಅನುಕೂಲ ಬೇಕಾದರೆ ಸಿಂಗಲ್-ಟ್ರಾನ್ಸಾಕ್ಷನ್ ಎಂಬ ಆಯ್ಕೆಯನ್ನು ಕೊಡಬೇಕು. ಇಂಥ ಬ್ಯಾಕಪ್ಪನ್ನು ರದ್ದು ಮಾಡುವುದು ಸುಲಭ. ಪ್ರೋಗ್ರಾಂ ನಿಲ್ಲಿಸಿದರೆ ಸಂಪರ್ಕ ಕಡಿಯುತ್ತದೆ, ಅದು ಹಿಡಿದಿದ್ದ ಬೀಗಗಳು ತಾವಾಗಿಯೇ ಬಿಡುತ್ತವೆ, ಡೇಟಾಬೇಸಿಗೆ ಕೇಡಿಲ್ಲ. ಉಳಿಯುವುದು ಅಪೂರ್ಣವಾದ ಒಂದು ಫೈಲು ಮಾತ್ರ, ಅದನ್ನು ಅಳಿಸಬೇಕು. ಸಣ್ಣ ಸಹಕಾರ ಸಂಘ, ಶಾಲೆ, ನೇಕಾರರ ಸೊಸೈಟಿಯ ಲೆಕ್ಕಕ್ಕೆ ಈ ದಾರಿಯೇ ಮೇಲು. ಡೇಟಾ ನೂರಾರು ಗಿಗಾಬೈಟ್ ದಾಟಿತೆಂದರೆ ಇದು ಬಹಳ ನಿಧಾನ. ಅದರಿಂದ ಡೇಟಾಬೇಸನ್ನು ಮರಳಿ ಕಟ್ಟುವುದಂತೂ ಇನ್ನೂ ನಿಧಾನ.

ಎರಡನೆಯದು ಭೌತಿಕ ಬ್ಯಾಕಪ್: ಫೈಲುಗಳನ್ನೇ ಎತ್ತಿಕೊಳ್ಳುವುದು. ಮೋಡ್, ಅದರ ರದ್ದತಿ ಎಂಬ ಮಾತುಗಳೆಲ್ಲ ಬರುವುದು ಇಲ್ಲಿ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಲಾಗ್ ಎಂಬ ಅಂಗದ ಪರಿಚಯ ಬೇಕು. ದೊಡ್ಡ ಡೇಟಾಬೇಸುಗಳೆಲ್ಲ ಯಾವ ಬದಲಾವಣೆಯನ್ನಾದರೂ ಮೊದಲು ಲಾಗ್‌ನಲ್ಲಿ ಬರೆದು ಆಮೇಲೆ ನಿಧಾನವಾಗಿ ಮುಖ್ಯ ಫೈಲಿಗೆ ಇಳಿಸುತ್ತವೆ. ಒರಾಕಲ್ ಇದನ್ನು ರೀಡೂ ಲಾಗ್ ಎನ್ನುತ್ತದೆ, ಪೋಸ್ಟ್‌ಗ್ರೆಸ್ ಡಬ್ಲ್ಯುಎಎಲ್ ಎನ್ನುತ್ತದೆ. ಪೋಸ್ಟ್‌ಗ್ರೆಸ್ ಅದನ್ನು ಸಾಮಾನ್ಯವಾಗಿ 16 ಮೆಗಾಬೈಟ್‌ನ ತುಂಡುಗಳಾಗಿ ಬರೆಯುತ್ತದೆ. ಲಾಗ್‌ನಲ್ಲಿದ್ದದ್ದು ಎಲ್ಲಿಯ ತನಕ ಮುಖ್ಯ ಫೈಲಿಗೆ ಇಳಿದು ಮುಗಿದಿದೆ ಎಂಬ ಗುರುತಿಗೆ ಚೆಕ್‌ಪಾಯಿಂಟ್ ಎಂದು ಹೆಸರು. ಕರೆಂಟ್ ಹೋಗಿ ಸರ್ವರ್ ಬಿದ್ದರೆ, ಮತ್ತೆ ಎದ್ದಾಗ ಅದು ಕೊನೆಯ ಚೆಕ್‌ಪಾಯಿಂಟಿನಿಂದ ಮುಂದಿನ ಲಾಗನ್ನು ಓದಿ ಬಾಕಿಯನ್ನೆಲ್ಲ ಇಳಿಸಿಕೊಂಡು ಸರಿಯಾಗುತ್ತದೆ.

ಆನ್‌ಲೈನ್ ಬ್ಯಾಕಪ್ ನಿಂತಿರುವುದು ಇದೇ ಶಕ್ತಿಯ ಮೇಲೆ. ಫೈಲುಗಳ ನಕಲು ಓರೆಕೋರೆಯಾಗಿದ್ದರೂ ಚಿಂತೆಯಿಲ್ಲ. ನಕಲು ಶುರುವಾದಲ್ಲಿಂದ ಮುಗಿದಲ್ಲಿಯ ತನಕದ ಲಾಗ್ ಪೂರ್ತಿ ಇದ್ದರೆ ಅದನ್ನು ಮೇಲಿಂದ ಓಡಿಸಿ ಎಲ್ಲವನ್ನೂ ಒಂದೇ ಕ್ಷಣಕ್ಕೆ ತಂದು ನಿಲ್ಲಿಸಬಹುದು. ಅಂದರೆ ಬ್ಯಾಕಪ್ ಎಂದರೆ ಫೈಲುಗಳ ನಕಲೂ ಹೌದು, ಆ ಅವಧಿಯ ಲಾಗೂ ಹೌದು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿದರೇ ಸೀರೆ. ಒಡಲು ನೆಯ್ದು ಮುಗಿದು ಸೆರಗಿನ ಕೊಂಡಿ ಬೀಳದಿದ್ದರೆ ಕೈಯಲ್ಲಿರುವುದು ಬರೀ ಬಟ್ಟೆ. ಫೈಲುಗಳೆಲ್ಲ ಬಂದು ಕೊನೆಯ ಲಾಗಿನ ತುಂಡು ಬಾರದೆ ನಿಂತ ಬ್ಯಾಕಪ್ಪಿನ ಗತಿಯೂ ಅದೇ. ಗಾತ್ರ ನೋಡಿದರೆ ಪೂರ್ತಿ ಇದ್ದಂತೆ ಕಾಣುತ್ತದೆ, ಬಳಸಲು ಬಾರದು.

ಒರಾಕಲ್‌ನಲ್ಲಿ ಇದಕ್ಕೆ ಮೊದಲ ಷರತ್ತು, ಡೇಟಾಬೇಸ್ ಆರ್ಕೈವ್‌ಲಾಗ್ ಮೋಡ್‌ನಲ್ಲಿರಬೇಕು; ತುಂಬಿದ ಲಾಗನ್ನು ಮರುಬಳಕೆಗೆ ಅಳಿಸುವ ಮುನ್ನ ಬೇರೆಡೆ ಎತ್ತಿಡಬೇಕು. ಈ ಮೋಡ್ ಇಲ್ಲದ ಡೇಟಾಬೇಸಿಗೆ ಕೋಲ್ಡ್ ಬ್ಯಾಕಪ್ಪೇ ಗತಿ. ಎರಡನೆಯದು ನಕಲಿಗಾಗಿಯೇ ಇರುವ ಬ್ಯಾಕಪ್ ಮೋಡ್. ‘ಆಲ್ಟರ್ ಡೇಟಾಬೇಸ್ ಬಿಗಿನ್ ಬ್ಯಾಕಪ್’ ಎಂದೊಡನೆ ಎರಡು ಕೆಲಸ ನಡೆಯುತ್ತವೆ. ಪ್ರತಿ ಡೇಟಾ ಫೈಲಿನ ತಲೆಯಲ್ಲಿರುವ ಚೆಕ್‌ಪಾಯಿಂಟ್ ಸಂಖ್ಯೆ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಈ ಪ್ರತಿಯಿಂದ ಕಟ್ಟುವಾಗ ಲಾಗನ್ನು ಎಲ್ಲಿಂದ ಓದಬೇಕು ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಜೊತೆಗೆ ಯಾವುದೇ ಪುಟ ಮೊದಲ ಸಲ ಬದಲಾದಾಗ ಬರೀ ಬದಲಾವಣೆಯ ಬದಲು ಇಡೀ ಪುಟವೇ ಲಾಗ್‌ಗೆ ಹೋಗುತ್ತದೆ. ನಕಲಿನಲ್ಲಿ ಆ ಪುಟ ಹರಿದಿದ್ದರೂ ಲಾಗ್‌ನಲ್ಲಿರುವ ಪೂರ್ತಿ ಪುಟ ಅದರ ಮೇಲೆ ಬಂದು ಕೂರುತ್ತದೆ. ಪೋಸ್ಟ್‌ಗ್ರೆಸ್ ಕೂಡ ಬ್ಯಾಕಪ್ ನಡೆಯುವಷ್ಟು ಹೊತ್ತು ಪೂರ್ತಿ ಪುಟ ಬರೆಯುವುದನ್ನು ಕಡ್ಡಾಯ ಮಾಡಿಕೊಳ್ಳುತ್ತದೆ.

ಬ್ಯಾಕಪ್ ಮೋಡ್‌ನಲ್ಲಿರುವಾಗ ಡೇಟಾ ಫೈಲುಗಳಿಗೆ ಏನೂ ಬರೆಯುವುದಿಲ್ಲ, ಎಲ್ಲ ಲಾಗ್‌ನಲ್ಲಿ ಕಾದಿದ್ದು ಮೋಡ್ ಮುಗಿದ ಮೇಲೆ ಇಳಿಯುತ್ತದೆ ಎಂಬ ನಂಬಿಕೆ ಬಹುಕಾಲದಿಂದ ಇದೆ. ಅದು ತಪ್ಪು. ಫೈಲುಗಳಿಗೆ ಬರವಣಿಗೆ ಎಂದಿನಂತೆಯೇ ನಡೆದಿರುತ್ತದೆ. ನಿಂತಿರುವುದು ತಲೆಯ ಸಂಖ್ಯೆ ಮಾತ್ರ. ಈ ತಪ್ಪು ತಿಳಿವಳಿಕೆಯಿಂದ ಆಗುವ ನಷ್ಟ ಇದೆ: ಮೋಡ್‌ನಲ್ಲೇ ಬಿಟ್ಟರೆ ಡೇಟಾ ಭದ್ರವಾಗಿರುತ್ತದೆಂದು ಕೆಲವರು ಮೋಡ್ ಮುಗಿಸುವ ಎಂಡ್ ಬ್ಯಾಕಪ್ ಕಮಾಂಡ್ ಹೇಳುವುದನ್ನು ಮುಂದೂಡುತ್ತಾರೆ. ಆಗ ಪೂರ್ತಿ ಪುಟಗಳು ಲಾಗ್‌ಗೆ ಸುರಿದು ಅದು ಉಬ್ಬುತ್ತದೆ, ಎತ್ತಿಡುವ ಡಿಸ್ಕ್ ತುಂಬುತ್ತದೆ. ಆರ್ಕೈವ್ ಡಿಸ್ಕ್ ತುಂಬಿದ ಒರಾಕಲ್ ಡೇಟಾಬೇಸ್ ಹೊಸ ಬದಲಾವಣೆಗಳನ್ನು ತೆಗೆದುಕೊಳ್ಳದೆ ನಿಂತುಬಿಡುತ್ತದೆ. ಒರಾಕಲ್‌ನದೇ ಆರ್‌ಮ್ಯಾನ್ ಎಂಬ ಸಾಧನಕ್ಕೆ ಈ ಮೋಡ್ ಬೇಕಾಗಿಯೇ ಇಲ್ಲ. ಅದು ಪ್ರತಿ ಪುಟವನ್ನೂ ಪರೀಕ್ಷಿಸಿ, ಹರಿದದ್ದು ಸಿಕ್ಕರೆ ಮತ್ತೆ ಓದುತ್ತದೆ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಿನಲ್ಲೂ ಬ್ಯಾಕಪ್ ಎಂಬುದು ಡೇಟಾಬೇಸೇ ನಡೆಸುವ ಒಂದು ಕೆಲಸ. ನಡುವೆ ನಿಲ್ಲಿಸಿದರೆ ಹಿಂದೆ ಬಿಟ್ಟುಹೋಗುವ ಮೋಡ್ ಇಲ್ಲ.

ಪೋಸ್ಟ್‌ಗ್ರೆಸ್ ನಡೆದ ದಾರಿ ಇನ್ನೂ ಕಲಿಸುವಂಥದು. ಅದರಲ್ಲಿ ಮೊದಲು ಇದ್ದದ್ದು ಎಕ್ಸ್‌ಕ್ಲೂಸಿವ್ ಮೋಡ್. ಪಿಜಿ-ಸ್ಟಾರ್ಟ್-ಬ್ಯಾಕಪ್ ಎಂದರೆ ಡೇಟಾ ಡೈರೆಕ್ಟರಿಯಲ್ಲೇ ಬ್ಯಾಕಪ್-ಲೇಬಲ್ ಎಂಬ ಸಣ್ಣ ಫೈಲು ಹುಟ್ಟುತ್ತಿತ್ತು. ಈ ಬ್ಯಾಕಪ್ ಯಾವ ಚೆಕ್‌ಪಾಯಿಂಟಿನಿಂದ ಶುರುವಾಯಿತು ಎಂಬುದು ಅದರಲ್ಲಿ ಬರೆದಿರುತ್ತಿತ್ತು. ಫೈಲುಗಳ ಜೊತೆ ಅದೂ ನಕಲಾಗುತ್ತಿತ್ತು. ಪಿಜಿ-ಸ್ಟಾಪ್-ಬ್ಯಾಕಪ್ ಎಂದಾಗ ಮೂಲದಲ್ಲಿದ್ದ ಲೇಬಲ್ ಅಳಿಯುತ್ತಿತ್ತು, ಪ್ರತಿಯಲ್ಲಿ ಉಳಿಯುತ್ತಿತ್ತು. ಹೀಗೆ ಲೇಬಲ್ ಇದ್ದದ್ದು ಪ್ರತಿ, ಇಲ್ಲದ್ದು ಮೂಲ. ಒಂದು ಸಲಕ್ಕೆ ಒಂದೇ ಬ್ಯಾಕಪ್ ನಡೆಯಬಹುದಿತ್ತು. ಶುರು ಮಾಡಿದವರ ಸಂಪರ್ಕ ಕಡಿದುಹೋದರೂ ಮೋಡ್ ಹಾಗೆಯೇ ಉಳಿಯುತ್ತಿತ್ತು. 2016ರಲ್ಲಿ ಬಂದ 9.6ನೇ ಆವೃತ್ತಿ ನಾನ್-ಎಕ್ಸ್‌ಕ್ಲೂಸಿವ್ ಮೋಡನ್ನು ತಂದಿತು. ಇದರಲ್ಲಿ ಮೂಲದ ಡೈರೆಕ್ಟರಿಯಲ್ಲಿ ಲೇಬಲ್ ಹುಟ್ಟುವುದೇ ಇಲ್ಲ. ಬ್ಯಾಕಪ್ ಮುಗಿಸುವಾಗ ಲೇಬಲಿನ ಪಠ್ಯವನ್ನು ಸರ್ವರ್ ಕೈಗೆ ಕೊಡುತ್ತದೆ, ಅದನ್ನು ಪ್ರತಿಯಲ್ಲಿ ಇಡುವುದು ಬ್ಯಾಕಪ್ ತೆಗೆಯುವವರ ಹೊಣೆ. ಶುರು ಮಾಡಿದ ಸಂಪರ್ಕ ಕೊನೆಯ ತನಕ ತೆರೆದಿರಬೇಕು. ಕಡಿದರೆ ಬ್ಯಾಕಪ್ ತಾನೇ ರದ್ದಾಗುತ್ತದೆ. 2022ರ 15ನೇ ಆವೃತ್ತಿಯಲ್ಲಿ ಹಳೆಯ ಮೋಡನ್ನು ತೆಗೆದೇ ಹಾಕಿದರು, ಕಮಾಂಡುಗಳ ಹೆಸರನ್ನೂ ಪಿಜಿ-ಬ್ಯಾಕಪ್-ಸ್ಟಾರ್ಟ್, ಪಿಜಿ-ಬ್ಯಾಕಪ್-ಸ್ಟಾಪ್ ಎಂದು ಬದಲಿಸಿದರು. ಹಳೆಯ ಸ್ಕ್ರಿಪ್ಟುಗಳು ಹೊಸ ಸರ್ವರಿನಲ್ಲಿ ಓಡದಿರುವುದು ಇದರಿಂದ. 2011ರಿಂದ ಇರುವ ಪಿಜಿ-ಬೇಸ್‌ಬ್ಯಾಕಪ್ ಎಂಬ ಸಾಧನ ಇವೆಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಕೈಯಾರೆ ಮೋಡ್ ನಿಭಾಯಿಸುವ ಅಗತ್ಯ ಈಗ ಬಹಳ ಕಚೇರಿಗಳಿಗಿಲ್ಲ.

ಮಾಮೂಲಿಯಾಗಿ ಬ್ಯಾಕಪ್ ರದ್ದು ಮಾಡಬೇಕಾಗುವ ಕಾರಣಗಳು ಸರಳ. ರಾತ್ರಿಯ ಬ್ಯಾಕಪ್ ಬೆಳಗಿನ ತನಕ ಎಳೆದು ಕಿಟಕಿಯ ಮುಂದೆ ಜನ ನಿಂತಾಗ ಸರ್ವರ್ ನಿಧಾನವಾಗುತ್ತದೆ. ಪ್ರತಿ ಇಡುವ ಡಿಸ್ಕ್ ತುಂಬುತ್ತದೆ. ತುರ್ತಾಗಿ ಸರ್ವರ್ ನಿಲ್ಲಿಸಬೇಕಾಗುತ್ತದೆ. ಇವಕ್ಕಿಂತ ಹೆಚ್ಚಾಗಿ, ಬ್ಯಾಕಪ್ ‘ಹ್ಯಾಂಗ್ ಆಗಿದೆ’ ಎಂಬ ಅನುಮಾನದಿಂದ ರದ್ದು ಮಾಡುತ್ತಾರೆ. ಈ ಅನುಮಾನದ ಬಗ್ಗೆ ಬಿಡಿಸಿ ಹೇಳಲೇಬೇಕು.

ಬ್ಯಾಕಪ್ ಎರಡು ಕಡೆ ಸದ್ದಿಲ್ಲದೆ ಕಾಯುತ್ತದೆ. ಮೊದಲನೆಯದು ಶುರುವಿನಲ್ಲಿ, ಚೆಕ್‌ಪಾಯಿಂಟಿಗಾಗಿ. ಪಿಜಿ-ಬೇಸ್‌ಬ್ಯಾಕಪ್ ಬೇರೆ ಸೂಚನೆ ಇಲ್ಲದಿದ್ದರೆ ನಿಧಾನದ ಚೆಕ್‌ಪಾಯಿಂಟ್ ಮುಗಿಯುವ ತನಕ ಕಾದಿರುತ್ತದೆ. ಕೆಲವು ನಿಮಿಷ ಏನೂ ನಡೆಯುತ್ತಿಲ್ಲ ಎಂದೇ ಕಾಣುತ್ತದೆ. ಚೆಕ್‌ಪಾಯಿಂಟನ್ನು ಫಾಸ್ಟ್ ಎಂದು ಕೇಳಿದರೆ ಈ ಕಾಯುವಿಕೆ ಬಹಳ ಕಡಿಮೆ. ಎರಡನೆಯದು ಕೊನೆಯಲ್ಲಿ. ಕಡೆಯ ಲಾಗ್ ತುಂಡು ಎತ್ತಿಡುವ ಜಾಗ ತಲುಪುವ ತನಕ ಸ್ಟಾಪ್ ಕಮಾಂಡ್ ಮರಳುವುದಿಲ್ಲ. ಲಾಗ್ ಎತ್ತಿಡುವ ವ್ಯವಸ್ಥೆಯೇ ಕೆಟ್ಟಿದ್ದರೆ ಅದು ಎಷ್ಟು ಹೊತ್ತಾದರೂ ಕಾಯುತ್ತದೆ, ಅರವತ್ತು ಸೆಕೆಂಡು ಕಳೆದ ಮೇಲೆ ಎಚ್ಚರಿಕೆಯನ್ನೂ ಬರೆಯುತ್ತದೆ. ಈ ಕಾಯುವಿಕೆಯನ್ನು ರದ್ದು ಮಾಡಿದರೆ ಡೇಟಾಬೇಸಿಗೆ ಅಪಾಯವಿಲ್ಲ, ಆದರೆ ಲಾಗ್ ತುಂಡುಗಳೆಲ್ಲ ಸೇರದ ಹೊರತು ಆ ಬ್ಯಾಕಪ್ ಕೆಲಸಕ್ಕೆ ಬಾರದು ಎಂದು ಪೋಸ್ಟ್‌ಗ್ರೆಸ್ ಅಲ್ಲೇ ಹೇಳುತ್ತದೆ. ಇಂಥ ಹೊತ್ತಿನಲ್ಲಿ ಸರಿಪಡಿಸಬೇಕಾದದ್ದು ಲಾಗ್ ಎತ್ತಿಡುವ ದಾರಿಯನ್ನು. ಅದನ್ನು ಬಿಟ್ಟು ಡಿಸ್ಕ್ ತುಂಬಿತೆಂದು ಲಾಗ್ ಡೈರೆಕ್ಟರಿಯೊಳಗಿನ ಫೈಲುಗಳನ್ನು ಕೈಯಾರೆ ಅಳಿಸಿದರೆ ಬ್ಯಾಕಪ್ ಹೋಗುವುದಿರಲಿ, ಮೂಲವೂ ಹಾಳಾಗುತ್ತದೆ.

ಕಾಯುವುದನ್ನು ಹ್ಯಾಂಗ್ ಎಂದು ತಿಳಿದದ್ದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ 2017ರ ಜನವರಿ 31ರಂದು ತಂತ್ರಾಂಶ ಪ್ರಾಜೆಕ್ಟುಗಳಿಗೆ ಜಾಗ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದು ಸಾಕ್ಷಿ. ಕಂಪನಿ ಅದನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿದ್ದರಿಂದ ಜಗತ್ತಿನ ಡೇಟಾಬೇಸ್ ಕೆಲಸಗಾರರಿಗೆಲ್ಲ ಉಪಕಾರವಾಯಿತು. ಅವರ ಎರಡನೇ ಸರ್ವರ್ ಮೂಲಕ್ಕಿಂತ ಹಿಂದೆ ಬಿದ್ದಿತ್ತು. ಪಿಜಿ-ಬೇಸ್‌ಬ್ಯಾಕಪ್ ಓಡಿಸಿ ಅದನ್ನು ಹೊಸದಾಗಿ ಕಟ್ಟಬೇಕಿತ್ತು. ಸಾಧನ ಮೂಲ ಸರ್ವರಿನಿಂದ ಡೇಟಾ ಬರಲು ಶುರುವಾಗುವುದನ್ನು ಸುಮ್ಮನೆ ಕಾಯುತ್ತಿತ್ತು. ಅದು ಕೆಟ್ಟಿದೆಯೆಂದು ತಿಳಿದು ನಿಲ್ಲಿಸಿ ಮತ್ತೆ ಮತ್ತೆ ಓಡಿಸಿದರು. ಎರಡನೇ ಸರ್ವರಿನ ಡೈರೆಕ್ಟರಿಯಲ್ಲಿ ಉಳಿದ ಫೈಲುಗಳೇ ಅಡ್ಡಿಯಾಗಿರಬಹುದು ಎಂದು ಇಂಜಿನಿಯರೊಬ್ಬರು ಅವನ್ನು ಅಳಿಸಲು ಹೋಗಿ, ಕಮಾಂಡ್ ಕೊಟ್ಟದ್ದು ಮೂಲ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ತಡೆದರೂ ಸುಮಾರು 300 ಗಿಗಾಬೈಟ್‌ನಲ್ಲಿ 4.5 ಗಿಗಾಬೈಟ್ ಮಾತ್ರ ಉಳಿದಿತ್ತು. ದಿನವೂ ಆಗುತ್ತಿದೆ ಎಂದುಕೊಂಡಿದ್ದ ಪಿಜಿ-ಡಂಪ್ ಆವೃತ್ತಿ ಹೊಂದದೆ ಸೋಲುತ್ತಲೇ ಬಂದಿತ್ತು, ಅದನ್ನು ತಿಳಿಸಬೇಕಿದ್ದ ಇಮೇಲುಗಳು ಯಾರಿಗೂ ತಲುಪಿರಲಿಲ್ಲ. ಅದೃಷ್ಟಕ್ಕೆ ಆರು ತಾಸು ಹಳೆಯ ಒಂದು ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪ್ರತಿ) ಇತ್ತು. ಅದರಿಂದ ಮೇಲೆದ್ದರೂ ಸುಮಾರು 5,000 ಪ್ರಾಜೆಕ್ಟುಗಳು, 5,000 ಟಿಪ್ಪಣಿಗಳು, 700 ಹೊಸ ಖಾತೆಗಳ ಮಾಹಿತಿ ಹೋಯಿತು. ಡೇಟಾಬೇಸೊಂದು ಕಳೆದುಕೊಂಡ ಆರು ತಾಸಿನಲ್ಲಿ ಉತಾರದ ಮ್ಯುಟೇಶನ್ನುಗಳು ಇದ್ದಿದ್ದರೆ ಎಂದು ಯೋಚಿಸಿದರೆ ಈ ಅಂಕಿಗಳ ಭಾರ ತಿಳಿಯುತ್ತದೆ.

ಆದ್ದರಿಂದ ರದ್ದು ಮಾಡುವ ಮುಂಚೆ ಬ್ಯಾಕಪ್ ನಿಜಕ್ಕೂ ಯಾವ ಹಂತದಲ್ಲಿದೆ ಎಂದು ಕೇಳಬೇಕು. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಪಿಜಿ-ಸ್ಟ್ಯಾಟ್-ಪ್ರೋಗ್ರೆಸ್-ಬೇಸ್‌ಬ್ಯಾಕಪ್ ಎಂಬ ನೋಟದಲ್ಲಿ ಅದು ಚೆಕ್‌ಪಾಯಿಂಟಿಗೆ ಕಾಯುತ್ತಿದೆಯೇ, ಫೈಲು ಕಳಿಸುತ್ತಿದೆಯೇ, ಲಾಗ್ ಎತ್ತಿಡಲು ಕಾಯುತ್ತಿದೆಯೇ ಎಂಬುದು ಕಾಣುತ್ತದೆ. ಒರಾಕಲ್‌ನಲ್ಲಿ ವಿ-ಡಾಲರ್-ಬ್ಯಾಕಪ್ ಎಂಬ ನೋಟದಲ್ಲಿ ಆ್ಯಕ್ಟಿವ್ ಎಂದಿರುವ ಫೈಲುಗಳೆಲ್ಲ ಮೋಡ್‌ನೊಳಗಿವೆ. ನಿಲ್ಲಿಸುವುದೇ ಸರಿಯೆಂದು ತೀರ್ಮಾನವಾದರೆ ಪಿಜಿ-ಬೇಸ್‌ಬ್ಯಾಕಪ್ಪನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಬಹುದು. ತಾನು ಕಟ್ಟಿದ ಡೈರೆಕ್ಟರಿಯನ್ನು ತಾನೇ ಅಳಿಸಿ ಹೋಗುತ್ತದೆ. ನಾನ್-ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಆ ಸಂಪರ್ಕವನ್ನು ಮುಗಿಸಿದರೆ ಸಾಕು. ಹಳೆಯ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ನಕಲು ಮಾಡುವ ಪ್ರೋಗ್ರಾಂ ಕೊಂದರೂ ಪಿಜಿ-ಸ್ಟಾಪ್-ಬ್ಯಾಕಪ್ ಹೇಳಲೇಬೇಕು. ಒರಾಕಲ್‌ನಲ್ಲಿ ಎಂಡ್ ಬ್ಯಾಕಪ್ ಹೇಳಬೇಕು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಆ ಸೆಷನ್ನನ್ನು ಕಿಲ್ ಮಾಡಿದರೆ ಮುಗಿಯಿತು.

ಮೋಡ್‌ನಲ್ಲಿರುವಾಗಲೇ ಸರ್ವರ್ ನಿಲ್ಲಿಸಲು ಹೊರಟರೆ ಒರಾಕಲ್, ಪೋಸ್ಟ್‌ಗ್ರೆಸ್ ಎರಡೂ ತಮ್ಮ ತಮ್ಮ ರೀತಿಯಲ್ಲಿ ಪ್ರತಿಕ್ರಿಯಿಸುತ್ತವೆ. ಒರಾಕಲ್ ಎಂದಿನ ಶಟ್‌ಡೌನ್ ಒಪ್ಪುವುದಿಲ್ಲ. ಓಆರ್‌ಎ-01149 ಎಂಬ ದೋಷಸಂಖ್ಯೆ ಕೊಟ್ಟು ಫೈಲಿಗೆ ಆನ್‌ಲೈನ್ ಬ್ಯಾಕಪ್ ಹಾಕಲಾಗಿದೆ ಎನ್ನುತ್ತದೆ. ಪೋಸ್ಟ್‌ಗ್ರೆಸ್‌ನ ಹಳೆಯ ಮೋಡ್‌ನಲ್ಲಿ ಸ್ಮಾರ್ಟ್ ಶಟ್‌ಡೌನ್ ಬ್ಯಾಕಪ್ ಮುಗಿಯುವ ತನಕ ಕಾಯುತ್ತಿತ್ತು. ಫಾಸ್ಟ್ ಶಟ್‌ಡೌನ್ ಕಾಯುತ್ತಿರಲಿಲ್ಲ: ಲೇಬಲ್ ಫೈಲಿನ ಹೆಸರಿನ ಕೊನೆಗೆ ಓಲ್ಡ್ ಎಂದು ಸೇರಿಸಿ, ಆನ್‌ಲೈನ್ ಬ್ಯಾಕಪ್ ಮೋಡ್ ರದ್ದಾಯಿತು ಎಂದು ಬರೆದು ನಿಲ್ಲುತ್ತಿತ್ತು. ಈ ಸಂದೇಶ ಕಂಡು ಹೆದರಿದವರು ಬಹಳ. ಡೇಟಾಬೇಸಿಗೆ ಅದರಿಂದ ಏನೂ ಆಗಿರುವುದಿಲ್ಲ. ಆ ರಾತ್ರಿಯ ಪ್ರತಿ ಮಾತ್ರ ವ್ಯರ್ಥ.

ನಿಜವಾದ ಸಂಕಟ ಸರ್ವರ್ ಹೇಳದೆ ಕೇಳದೆ ಬಿದ್ದಾಗ. ಕರೆಂಟ್ ಹೋಯಿತು, ಯುಪಿಎಸ್ ಹಿಡಿಯಲಿಲ್ಲ, ಡೇಟಾಬೇಸ್ ಬ್ಯಾಕಪ್ ಮೋಡ್‌ನಲ್ಲಿತ್ತು. ಎದ್ದ ಮೇಲೆ ಒರಾಕಲ್ ತನ್ನ ಫೈಲುಗಳ ತಲೆಯಲ್ಲಿ ಹಳೆಯ ಸಂಖ್ಯೆ ನೋಡುತ್ತದೆ. ಬ್ಯಾಕಪ್ಪಿನಿಂದ ತಂದಿಟ್ಟ ಪ್ರತಿಯಲ್ಲೂ ಹೀಗೆಯೇ ಹಳೆಯ ಸಂಖ್ಯೆ ಇರುತ್ತದೆ. ಅದು ತೆರೆಯಲು ಒಪ್ಪದೆ, ಫೈಲನ್ನು ಬ್ಯಾಕಪ್ ಮೋಡ್‌ನಿಂದ ಹೊರತರಬೇಕು ಇಲ್ಲವೇ ಲಾಗಿನಿಂದ ಸರಿಪಡಿಸಬೇಕು ಎನ್ನುತ್ತದೆ. ಪೋಸ್ಟ್‌ಗ್ರೆಸ್‌ನ ಹಳೆಯ ಮೋಡ್‌ನಲ್ಲೂ ಇದೇ ಕಥೆ: ಮೂಲದಲ್ಲೇ ಲೇಬಲ್ ಉಳಿದಿದೆ, ಲೇಬಲ್ ಇದ್ದದ್ದು ಪ್ರತಿ ಎಂಬ ನಿಯಮದಂತೆ ಸರ್ವರ್ ತನ್ನನ್ನು ಪ್ರತಿಯೆಂದೇ ತಿಳಿದು ಹಳೆಯ ಚೆಕ್‌ಪಾಯಿಂಟಿನಿಂದ ಲಾಗ್ ಹುಡುಕುತ್ತದೆ. ಆ ಲಾಗ್ ಇನ್ನೂ ಇದ್ದರೆ ತಡವಾಗಿಯಾದರೂ ಎದ್ದೇಳುತ್ತದೆ. ಮರುಬಳಕೆಯಾಗಿ ಹೋಗಿದ್ದರೆ, ಬೇಕಾದ ಚೆಕ್‌ಪಾಯಿಂಟ್ ಸಿಗುತ್ತಿಲ್ಲ, ಬ್ಯಾಕಪ್ಪಿನಿಂದ ಕಟ್ಟುತ್ತಿಲ್ಲವಾದರೆ ಲೇಬಲ್ ಫೈಲು ತೆಗೆದು ನೋಡಿ ಎಂಬ ಸಲಹೆ ಕೊಟ್ಟು ನಿಲ್ಲುತ್ತದೆ.

ಈ ಸಲಹೆಯ ಮೊದಲ ಅರ್ಧವನ್ನು ಓದದೆ ಎರಡನೇ ಅರ್ಧವನ್ನು ಮಾತ್ರ ಪಾಲಿಸಿ ಹಾಳಾದ ಡೇಟಾಬೇಸುಗಳಿವೆ. ಕೆಳಗೆ ಬಿದ್ದು ಎದ್ದ ಮೂಲ ಸರ್ವರಿನಲ್ಲಿ ಲೇಬಲ್ ತೆಗೆಯುವುದು ಸರಿ; ಒರಾಕಲ್ ಆದರೆ ಮೌಂಟ್ ಸ್ಥಿತಿಯಲ್ಲಿ ‘ಆಲ್ಟರ್ ಡೇಟಾಬೇಸ್ ಎಂಡ್ ಬ್ಯಾಕಪ್’ ಹೇಳಿ ತೆರೆಯುವುದು ಸರಿ. ಬ್ಯಾಕಪ್ಪಿನಿಂದ ತಂದ ಪ್ರತಿಯ ಮೇಲೆ ಇದೇ ಕೆಲಸ ಮಾಡಿದರೆ ಮಹಾಪರಾಧ. ಆಗ ಓರೆಕೋರೆ ಪ್ರತಿಯನ್ನು ಸರಿಪಡಿಸಬೇಕಾದ ಲಾಗನ್ನು ಓದಿಸದೆಯೇ, ಇದು ಸರಿಯಾದ ಡೇಟಾಬೇಸ್ ಎಂದು ಸರ್ವರಿಗೆ ಸುಳ್ಳು ಹೇಳಿದಂತಾಗುತ್ತದೆ. ಸರ್ವರ್ ತೆರೆಯುತ್ತದೆ, ಉತಾರ ಮುದ್ರಣವೂ ಆಗುತ್ತದೆ, ತಪ್ಪು ಎಲ್ಲೋ ಒಳಗೆ ಕೂತಿರುತ್ತದೆ. ವಾರಸಾ ನೋಂದಣಿಗೆ ಬಂದ ಮಕ್ಕಳಿಗೋ ಬೋಜಾ ಇಳಿಸಲು ಬಂದವರಿಗೋ ಅದು ಮೊದಲು ಸಿಗುವುದು. ಮೂಲ ಯಾವುದು, ಪ್ರತಿ ಯಾವುದು ಎಂದು ಯಂತ್ರ ತಾನಾಗಿ ತಿಳಿಯಲಾರದು. ಆ ಫೈಲುಗಳು ಎಲ್ಲಿಂದ ಬಂದವೆಂದು ಬಲ್ಲ ಮನುಷ್ಯರೇ ಹೇಳಬೇಕು. ನಾನ್-ಎಕ್ಸ್‌ಕ್ಲೂಸಿವ್ ಮೋಡಿನ ದೊಡ್ಡ ಉಪಕಾರ ಇದೇ: ಮೂಲದಲ್ಲಿ ಲೇಬಲ್ ಎಂದೂ ಹುಟ್ಟದ ಕಾರಣ ಈ ಗೊಂದಲಕ್ಕೆ ಎಡೆಯೇ ಇಲ್ಲ. ಹಳೆಯ ಆವೃತ್ತಿಯಲ್ಲೇ ಕೂತಿರುವ ಕಚೇರಿಗಳು ಹೊಸದಕ್ಕೆ ಹೋಗಲು ಇದೊಂದು ಕಾರಣವೇ ಸಾಕು.

ರದ್ದಾದ ಬ್ಯಾಕಪ್ ಬಿಟ್ಟುಹೋದದ್ದನ್ನು ಅಂದೇ ಗುಡಿಸಬೇಕು. ಅಪೂರ್ಣ ಪ್ರತಿ ಪೂರ್ಣ ಪ್ರತಿಯ ಹೆಸರಿನಲ್ಲೇ ಡಿಸ್ಕಿನಲ್ಲಿ ಉಳಿದರೆ ಆರು ತಿಂಗಳ ನಂತರ ಬರುವವರಿಗೆ ಅದು ಬ್ಯಾಕಪ್ಪಿನಂತೆಯೇ ಕಾಣುತ್ತದೆ. ನಿನ್ನೆಯ ಪ್ರತಿಯ ಮೇಲೆಯೇ ಇಂದಿನದನ್ನು ಬರೆಯುವ ರೂಢಿ ಇನ್ನೂ ಕೆಟ್ಟದ್ದು. ನಡುವೆ ರದ್ದಾದರೆ ನಿನ್ನೆಯದೂ ಇಲ್ಲ, ಇಂದಿನದೂ ಇಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ನಿಜವಾದ ಹೆಸರು ಕೊಡುವ ಪದ್ಧತಿ ಇದನ್ನು ತಪ್ಪಿಸುತ್ತದೆ. ಹಳೆಯ ಪ್ರತಿಗಳನ್ನು ಅಳಿಸುವ ಸ್ಕ್ರಿಪ್ಟ್ ಹೊಸದು ಯಶಸ್ವಿಯಾಗಿದೆಯೇ ಎಂದು ನೋಡಿಯೇ ಕೈ ಹಾಕಬೇಕು. ಸತತ ಏಳು ರಾತ್ರಿ ರದ್ದಾದ ಬ್ಯಾಕಪ್, ಏಳು ದಿನಕ್ಕಿಂತ ಹಳೆಯದನ್ನೆಲ್ಲ ಅಳಿಸುವ ಸ್ಕ್ರಿಪ್ಟ್, ಇವೆರಡು ಸೇರಿದರೆ ಎಂಟನೆಯ ದಿನ ಕಪಾಟು ಖಾಲಿ. ಪ್ರತಿ ಇಡುವ ಜಾಗದ ಮಾತೂ ಇಲ್ಲೇ ಬರುತ್ತದೆ. 2009ರಲ್ಲೂ 2019ರ ಆಗಸ್ಟಿನಲ್ಲೂ ಬಾಗಲಕೋಟೆ ಜಿಲ್ಲೆ ನೆರೆಗೆ ಸಿಕ್ಕಿತು. 2019ರಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ, ಪಟ್ಟದಕಲ್ಲು ಐಹೊಳೆಗಳಿಗೆ ನೀರು ನುಗ್ಗಿತು. ಸರ್ವರಿನ ಪಕ್ಕದ ಮೇಜಿನ ಮೇಲಿರುವ ಡಿಸ್ಕನ್ನು ಅಂಥ ನೀರು ಬಿಡುವುದಿಲ್ಲ.

ರದ್ದಾದದ್ದರ ನಂತರ ಹೊಸ ಬ್ಯಾಕಪ್ ತೆಗೆದು ಅದು ಪೂರ್ತಿ ಇದೆಯೇ ಎಂದು ಪರೀಕ್ಷಿಸುವ ಸಾಧನಗಳು ದೊಡ್ಡ ಡೇಟಾಬೇಸುಗಳಲ್ಲಿ ಇವೆ. ಪೋಸ್ಟ್‌ಗ್ರೆಸ್‌ನ ಪಿಜಿ-ವೆರಿಫೈಬ್ಯಾಕಪ್ ಪ್ರತಿಯ ಜೊತೆ ಬರುವ ಪಟ್ಟಿಯನ್ನು ಇಟ್ಟುಕೊಂಡು ಒಂದೊಂದು ಫೈಲನ್ನೂ ತಾಳೆ ನೋಡುತ್ತದೆ. ಆರ್‌ಮ್ಯಾನ್‌ನಲ್ಲಿ ರಿಸ್ಟೋರ್ ವ್ಯಾಲಿಡೇಟ್, ಎಸ್‌ಕ್ಯೂಎಲ್ ಸರ್ವರಿನಲ್ಲಿ ರಿಸ್ಟೋರ್ ವೆರಿಫೈಓನ್ಲಿ ಇದಕ್ಕೆಂದೇ ಇರುವ ಕಮಾಂಡುಗಳು. ಇವು ಫೈಲುಗಳು ಸರಿಯಿವೆ ಎಂದಷ್ಟೇ ಹೇಳಬಲ್ಲವು. ಡೇಟಾಬೇಸ್ ಏಳುತ್ತದೆಯೇ ಎಂದು ತಿಳಿಯಲು ಪ್ರತಿಯನ್ನೂ ಲಾಗನ್ನೂ ಬೇರೊಂದು ಯಂತ್ರಕ್ಕೆ ಒಯ್ದು, ಲೇಬಲ್ ಮುಟ್ಟದೆ, ಲಾಗ್ ಪೂರ್ತಿ ಓಡಲು ಬಿಟ್ಟು ಎಬ್ಬಿಸಬೇಕು. ಆಮೇಲೆ ಬ್ಯಾಕಪ್ ಮುಗಿಯುವ ತುಸು ಮೊದಲು ಮಂಜೂರಾದ ಒಂದು ಮ್ಯುಟೇಶನ್ ಆರಿಸಿಕೊಂಡು, ಅದರ ಸರ್ವೆ ನಂಬರಿನ ಉತಾರವನ್ನು ಅಲ್ಲಿ ತೆರೆದು, ಹೆಸರು, ಕ್ಷೇತ್ರ, ಬೋಜಾ ಮೂರನ್ನೂ ಮೂಲದೊಂದಿಗೆ ಹೋಲಿಸಿ ನೋಡಬೇಕು.